ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್: ಅಲ್ಲಿಯ ಫ್ರೆಂಡ್ ಜೊತೆ ಒಂದು ದಿನದಲ್ಲಿ ಆಲ್ಪ್ಸ್‌ನ ಮೂರು ಘಾಟಿ ಬೈಕಲ್ಲಿ ಸುತ್ತೋದು ಹೇಗೆ

ಸ್ವಿಟ್ಜರ್ಲೆಂಡಿಗೆ ಕೆಲಸಕ್ಕೆ ಬಂದವರು, ಓದಕ್ಕೆ ಬಂದವರು, ಮಗನ ಮನೆಗೆ ಅಂತ ಎರಡು ಮೂರು ತಿಂಗಳಿಗೆ ಬಂದ, ಊರಲ್ಲಿ ಬುಲೆಟ್ ಓಡ್ಸೋ ಅಪ್ಪಂದಿರು, ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಒಂದೇ ಒಂದು ದಿನ ಬೈಕ್ ಸಿಕ್ರೆ ಎಲ್ಲಿಗೆ ಹೋಗೋದು ಅಂತ. ನನ್ನ ಉತ್ತರನೂ ಒಂದೇ. ಆಂಡರ್ಮಾಟ್ ಅನ್ನೋ ಬೆಟ್ಟದೂರಿಂದ ಹೊರಟು ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಮೂರೂ ಘಾಟಿ ಹತ್ತಿ ಇಳಿದು ಸಂಜೆ ವಾಪಸ್ ಆಂಡರ್ಮಾಟ್. ಒಟ್ಟು ಸುಮಾರು 120 ಕಿಲೋಮೀಟರ್. ಇಷ್ಟೇನಾ, ಬೆಂಗಳೂರಿಂದ ಮೈಸೂರು ಇದಕ್ಕಿಂತ ದೂರ ಅಲ್ವಾ ಅನ್ನಬೇಡಿ, ಇದರಲ್ಲಿ ನೆಟ್ಟಗಿರೋ ರಸ್ತೆ ಸಿಗೋದೇ ಅಪರೂಪ, ಫುರ್ಕಾ 2429 ಮೀಟರ್, ಗ್ರಿಮ್ಸೆಲ್ 2164, ಸುಸ್ಟೆನ್ 2224, ಮೂರೂ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ, ನಡುವೆ ಇನರ್ಟ್‌ಕಿರ್ಖೆನ್ ಅನ್ನೋ ಊರಿಗೆ ಬಂದಾಗ 625 ಮೀಟರಿಗೆ ಇಳಿದಿರ್ತೀರ, ಅಲ್ಲಿಂದ ಮತ್ತೆ 1600 ಮೀಟರ್ ಮೇಲಕ್ಕೆ. ನಿಲ್ಲದೇ ಓಡಿಸಿದ್ರೆ ಮೂರು ಗಂಟೆ ಚಿಲ್ಲರೆ, ಆದ್ರೆ ನಿಲ್ಲದೇ ಓಡ್ಸಕ್ಕೆ ಅಲ್ಲಿಗೆ ಯಾಕೆ ಹೋಗ್ಬೇಕು.

ಇದನ್ನ ಅಲ್ಲೇ ಹುಟ್ಟಿ ಬೆಳೆದ ಸ್ನೇಹಿತರ ಜೊತೆ ಮಾಡಿ ಅಂತ ನಾನು ಒತ್ತಿ ಹೇಳ್ತೀನಿ. ಆಫೀಸಲ್ಲೋ ಕಾಲೇಜಲ್ಲೋ ಬೈಕ್ ಇರೋ ಸ್ವಿಸ್ ಫ್ರೆಂಡ್ ಒಬ್ಬರು ಸಿಕ್ಕೇ ಸಿಗ್ತಾರೆ, ಕೇಳಿದ್ರೆ ಖುಷಿಯಿಂದ ಬರ್ತಾರೆ. ನನ್ನ ಜೊತೆ ಬರೋನು ಊರಿ ಅನ್ನೋ ಕ್ಯಾಂಟನ್ನಿನ, ಅಂದ್ರೆ ಇಲ್ಲಿನ ರಾಜ್ಯದ, ಆಲ್ಟ್‌ಡಾರ್ಫ್‌ನವನು, ಈ ರಸ್ತೆಗಳಲ್ಲೇ ಬೈಕ್ ಕಲಿತೋನು. ಅವನ ಜೊತೆ ಹೋಗಿ ಹೋಗಿ ನನಗೆ ಅರ್ಥ ಆಗಿರೋದು ಇಷ್ಟು: ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು, ಮೋಡ ಯಾವ ಕಡೆಯಿಂದ ಬಂದ್ರೆ ವಾಪಸ್ ತಿರುಗಬೇಕು, ಇದೆಲ್ಲ ಅವನ ಮಾತು ಕೇಳಿ. ಎಷ್ಟು ಸ್ಪೀಡಲ್ಲಿ ಹೋಗ್ಬೇಕು ಅನ್ನೋದು ಮಾತ್ರ ನಿಮ್ಮದೇ ನಿರ್ಧಾರ. ಇದೊಂದನ್ನ ಬಿಗಿಯಾಗಿ ಹಿಡ್ಕೊಂಡ್ರೆ ಉಳಿದಿದ್ದೆಲ್ಲ ಸಲೀಸು.

ಮೊದಲು ಕಾಗದ ಪತ್ರ. ಊರಿಂದ ಬರೋರು ಹೊರಡೋ ಮುಂಚೆನೇ ಆರ್‌ಟಿಒನಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಒಂದು ವರ್ಷ ನಡೆಯತ್ತೆ, ಬಾಡಿಗೆಗೆ ಬೈಕ್ ಕೊಡೋರು ಇದನ್ನ ಕೇಳ್ತಾರೆ. ನಿಮ್ಮ ಲೈಸೆನ್ಸಲ್ಲಿ ಗೇರ್ ಇರೋ ಬೈಕಿನ ಕ್ಲಾಸ್ ಇರ್ಬೇಕು, ಬರೀ ಕಾರಿನ ಲೈಸೆನ್ಸ್ ನಡೆಯಲ್ಲ. ಇಲ್ಲೇ ವಾಸಕ್ಕೆ ಬಂದಿರೋರಿಗೆ ಊರಿನ ಲೈಸೆನ್ಸ್ 12 ತಿಂಗಳು ಮಾತ್ರ, ಅಷ್ಟರೊಳಗೆ ಸ್ವಿಸ್ ಲೈಸೆನ್ಸಿಗೆ ಬದಲಾಯಿಸ್ಕೋಬೇಕು. ಫ್ರೆಂಡ್ ತನ್ನ ಎರಡನೇ ಬೈಕ್ ಕೊಡ್ತೀನಿ ಅಂದ್ರೆ ತುಂಬಾ ಒಳ್ಳೇದು, ಆದ್ರೆ ಏನಾದ್ರೂ ಆದ್ರೆ ಇನ್ಶೂರೆನ್ಸಲ್ಲಿ ನಮ್ಮ ಕೈಯಿಂದ ಎಷ್ಟು ಕಟ್ಟಬೇಕು ಅನ್ನೋದನ್ನ, ಸೆಲ್ಬ್ಸ್ಟ್‌ಬೆಹಾಲ್ಟ್ ಅಂತಾರೆ ಅದನ್ನ, ಮೊದಲೇ ಕೇಳಿ ಇಟ್ಕೊಳ್ಳಿ. ಕೇಳಿದ್ರೆ ಏನಂದ್ಕೋತಾರೋ ಅಂತ ನಾವು ಸುಮ್ಮನಾಗ್ತೀವಿ, ಅವರು ಏನೂ ಅಂದ್ಕೊಳ್ಳಲ್ಲ. ಆಂಡರ್ಮಾಟ್ ತನಕ ಹೆದ್ದಾರೀಲಿ ಬರೋದಾದ್ರೆ ಬೈಕಿಗೂ 40 ಫ್ರಾಂಕಿನ ವಿನ್ಯೆಟ್, ಅಂದ್ರೆ ಹೆದ್ದಾರಿ ಶುಲ್ಕ ಕಟ್ಟಿದ ಗುರುತು, ಬೇಕು, ವರ್ಷಕ್ಕೊಂದು, ಬಾಡಿಗೆ ಬೈಕಾದ್ರೆ ಇದೆಯಾ ಅಂತ ಕೇಳ್ಕೊಳ್ಳಿ.

ಯಾವಾಗ ಹೋಗೋದು? ಈ ಮೂರೂ ಘಾಟಿ ಚಳಿಗಾಲ ಪೂರ್ತಿ ಹಿಮದಿಂದ ಮುಚ್ಚಿರತ್ತೆ, ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್ ತನಕ ತೆರೆದಿರತ್ತೆ, ಅದೂ ಆ ವರ್ಷದ ಹಿಮದ ಮೇಲೆ. ನನಗೆ ಇಷ್ಟ ಆಗೋದು ಸೆಪ್ಟೆಂಬರ್ ಮೊದಲ ವಾರಗಳು, ಗಾಳಿ ತಿಳಿಯಾಗಿರತ್ತೆ, ಜುಲೈ ಆಗಸ್ಟಿನ ಹಾಗೆ ಮಧ್ಯಾಹ್ನ ಗುಡುಗು ಮಳೆ ಅಷ್ಟಿರಲ್ಲ. ಭಾನುವಾರ ಬೇಡ. ಯೂರೋಪಿನ ಬೈಕೆಲ್ಲ ಅವತ್ತೇ ಅಲ್ಲಿರತ್ತೆ, ಜೊತೆಗೆ ಸೈಕಲ್, ಕ್ಯಾಂಪರ್ ವ್ಯಾನ್, ಹಳೇ ಕಾರಿನವರು. ಒಂದು ದಿನ ರಜೆ ಹಾಕಿ ಮಂಗಳವಾರನೋ ಬುಧವಾರನೋ ಹೋಗಿ, ಅದೇ ರಸ್ತೆ ನಿಮ್ಮ ಮನೆ ರಸ್ತೆ ಥರ ಖಾಲಿ ಇರತ್ತೆ. ಸ್ವಿಸ್ ಫ್ರೆಂಡಿಗೆ ಎರಡು ಮೂರು ವಾರ ಮುಂಚೆನೇ ದಿನ ಹೇಳಿ, ನಾಳೆ ಹೋಗೋಣ್ವಾ ಅಂದ್ರೆ ಅವರಿಗೆ ಕಷ್ಟ. ಎರಡು ದಿನ ಇದೆ ಅನ್ನೋವಾಗ ಇಬ್ಬರೂ ಹವಾಮಾನ ಹೇಳೋ ಮೆಟಿಯೋಸ್ವಿಸ್ ಆ್ಯಪ್ ನೋಡಿ, ಘಾಟಿ ಮೇಲಿನ ವೆಬ್‌ಕ್ಯಾಮ್ ನೋಡಿ, ಆಮೇಲೆ ಫೈನಲ್ ಮಾಡಿ. ಏಳೂವರೆಗೆ ಸಿಗೋಣ ಅಂದ್ರೆ ಏಳೂವರೆ, ಏಳು ನಲವತ್ತು ಅಲ್ಲ.

ಬಟ್ಟೆ ವಿಷಯ ಸ್ವಲ್ಪ ಗಂಭೀರವಾಗಿ ತಗೊಳ್ಳಿ. ಪ್ರತಿ ಸಾವಿರ ಮೀಟರ್ ಹತ್ತಿದ್ರೆ ಆರೇಳು ಡಿಗ್ರಿ ಚಳಿ ಜಾಸ್ತಿ ಆಗತ್ತೆ, ಕೆಳಗೆ 25 ಇದ್ರೆ ಮೇಲೆ 14 ಹದಿನೈದು, ಅದರ ಮೇಲೆ ಬೈಕಿನ ಗಾಳಿ. ಆಗಸ್ಟಲ್ಲೂ ಮೇಲೆ ಹಿಮ ಬೀಳೋದುಂಟು. ಒಂದು ದಪ್ಪ ಜಾಕೆಟ್ಟಿಗಿಂತ ತೆಳ್ಳಗಿನ ಎರಡು ಮೂರು ಪದರ ವಾಸಿ, ಬಿಚ್ಚಿ ಹಾಕ್ಕೊಂಡು ಹೋಗಬಹುದು. ಮಳೆ ಕೋಟು, ಇನ್ನೊಂದು ಜೊತೆ ಗ್ಲೌಸ್, ಸನ್‌ಸ್ಕ್ರೀನ್. ಹೆಲ್ಮೆಟ್ ವೈಸರ್ ಕಪ್ಪು ಬೇಡ, ತಿಳಿ ಇರೋದೇ ಹಾಕಿ, ಸುರಂಗದ ಕಾರಣಕ್ಕೆ, ಮುಂದೆ ಹೇಳ್ತೀನಿ.

ಈಗ ನಮ್ಮ ಕಡೆಯವರು ಕಷ್ಟಪಡೋ ಜಾಗ, ಅಂದ್ರೆ ಬಲಗಡೆ ಓಡ್ಸೋದು. ನೇರ ರಸ್ತೇಲಿ ಹತ್ತು ನಿಮಿಷಕ್ಕೆ ಅಭ್ಯಾಸ ಆಗತ್ತೆ, ಮರೆತು ಹೋಗೋದು ನಿಂತು ಮತ್ತೆ ಹೊರಡೋವಾಗ, ಫೋಟೋ ತೆಗೆದು ಖಾಲಿ ರಸ್ತೆಗೆ ಬಂದ್ರೆ ಕೈ ತಾನಾಗೇ ಎಡಕ್ಕೆ ಎಳೆಯತ್ತೆ. ಅದಕ್ಕೆ ಒಂದು ಉಪಾಯ, ಪ್ರತಿ ಸಲ ನಿಂತ ಮೇಲೆ ಫ್ರೆಂಡೇ ಮೊದಲು ಹೊರಡ್ಲಿ, ನೀವು ಅವನ ಹಿಂದೆ. ಸರ್ಕಲಲ್ಲಿ ಸುತ್ತೋದು ನಮ್ಮ ಕಡೆಗೆ ಉಲ್ಟಾ, ಎಡದಿಂದ ಬರೋರಿಗೆ ದಾರಿ ಬಿಡಿ. ಬೋರ್ಡು ಗೆರೆ ಏನೂ ಇಲ್ಲದ ಊರೊಳಗಿನ ಕ್ರಾಸಲ್ಲಿ ಬಲಗಡೆಯಿಂದ ಬರೋ ಗಾಡಿಗೆ ಮೊದಲ ಹಕ್ಕು, ಅದು ಸಣ್ಣ ಗಲ್ಲಿಯಿಂದ ಬರ್ತಿದ್ರೂ ಸರಿ.

ಹೇರ್‌ಪಿನ್ನಲ್ಲಿ ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಹೇಳ್ಕೊಡಲ್ಲ. ಆಗುಂಬೆ ಘಾಟಿ ಹತ್ತಿದವರಿಗೆ ಗೊತ್ತಿರತ್ತೆ, ನಾವು ಎಡಗಡೆ ಓಡ್ಸೋದ್ರಿಂದ ಎಡಕ್ಕೆ ತಿರುಗೋ ತಿರುವು ಬಿಗಿ, ಬಲಕ್ಕೆ ತಿರುಗೋದು ಅಗಲ. ಇಲ್ಲಿ ಪೂರ್ತಿ ತಿರುಗಾಮುರುಗಾ, ಬಲ ತಿರುವು ಬಿಗಿ, ಕಡಿದು, ಒಳಗಡೆ ಅಂಚಿಗೆ ಹತ್ತಿರ. ಹತ್ತೋವಾಗ ಬಲ ಹೇರ್‌ಪಿನ್ ಬಂದ್ರೆ ತಿರುವಿಗೆ ಮುಂಚೆನೇ ಗೇರ್ ಇಳಿಸಿ, ಮೊದಲ ಗೇರೋ ಎರಡನೇದೋ ಬೈಕ್ ನೋಡ್ಕೊಂಡು, ತಿರುವಿನ ಮಧ್ಯ ಕ್ಲಚ್ ಹಿಡಿಯಬೇಡಿ, ಹಿಂದಿನ ಬ್ರೇಕ್ ಮೇಲೆ ಸ್ವಲ್ಪ ಕಾಲಿಟ್ಟು ಆಕ್ಸಿಲರೇಟರ್ ಹದವಾಗಿ ಕೊಡ್ತಾ, ತಲೆ ಎತ್ತಿ ತಿರುವಿನ ಆಚೆ ತುದಿ ನೋಡಿ, ಮುಂದಿನ ಚಕ್ರದ ಮುಂದೆ ನೋಡಿದ್ರೆ ಬೈಕ್ ಅಲ್ಲೇ ಬೀಳತ್ತೆ. ಎಡ ತಿರುವಲ್ಲಿ ಬೇರೆ ಅಪಾಯ, ಚಕ್ರ ನಮ್ಮ ಲೇನಲ್ಲೇ ಇದ್ರೂ ವಾಲಿದಾಗ ತಲೆ ಮಧ್ಯದ ಗೆರೆ ದಾಟಿರತ್ತೆ, ಎದುರು ಬಸ್ಸು ಬಂದ್ರೆ ಕಥೆ ಮುಗೀತು. ಎಡ ತಿರುವಲ್ಲಿ ಗೆರೆಯಿಂದ ದೂರ, ಲೇನಿನ ಬಲ ಅರ್ಧದಲ್ಲೇ ಇರಿ. ಇಳಿಯೋವಾಗ ಬರೀ ಬ್ರೇಕ್ ಮೇಲೆ ಇಳೀಬೇಡಿ, ಹತ್ತಿದ ಗೇರಲ್ಲೇ ಇಳೀರಿ, ಇಂಜಿನ್ ತಡ್ಕೊಳ್ಳತ್ತೆ.

ಬೆಳಿಗ್ಗೆ ಆಂಡರ್ಮಾಟಲ್ಲಿ ಪೆಟ್ರೋಲ್ ತುಂಬ್ಸಿ, ಬಂಕಲ್ಲಿ ಜನ ಇರಲ್ಲ, ಕಾರ್ಡ್ ಹಾಕಿ ಪಿನ್ ಒತ್ತಿ ನೀವೇ ಹಾಕ್ಕೋಬೇಕು, 95 ಸಾಕು. ಅಲ್ಲಿಂದ ಹೋಸ್ಪೆಂಟಾಲ್, ರಿಯಾಲ್ಪ್, ಆಮೇಲೆ ಫುರ್ಕಾ ಶುರು. ನಾನು ಫುರ್ಕಾನೇ ಮೊದಲು ಹತ್ತಿ ಅನ್ನೋದಕ್ಕೆ ಕಾರಣ ಇದೆ, ಮೂರರಲ್ಲಿ ಇದೇ ಎತ್ತರ, ರಿಯಾಲ್ಪ್ ಕಡೆಯಿಂದ ರಸ್ತೆ ಕಿರಿದು, ಕೆಲವು ಕಡೆ ಅಂಚಿಗೆ ತಡೆಗೋಡೆ ಬದ್ಲು ಸಾಲು ಕಲ್ಲು ಅಷ್ಟೇ, ಜನ ಬರೋ ಮುಂಚೆ, ಮೈಕೈ ಫ್ರೆಶ್ ಇರೋವಾಗ ಮುಗಿಸಿಬಿಡೋದು ಒಳ್ಳೇದು. ಬೆಳಿಗ್ಗೆ ಪಶ್ಚಿಮಕ್ಕೆ ಹೋಗ್ತಿರೋದ್ರಿಂದ ಸೂರ್ಯ ಬೆನ್ನ ಹಿಂದೆ, ಸಂಜೆ ಸುಸ್ಟೆನ್ನಿಂದ ಪೂರ್ವಕ್ಕೆ ಬರೋವಾಗಲೂ ಬೆನ್ನ ಹಿಂದೆ. ಹತ್ತೋವಾಗ ಎಡಕ್ಕೆ ಕೆಳಗೆ ಹಳೇ ರೈಲು ಹಳಿ ಕಾಣ್ಬಹುದು. 1982ರಲ್ಲಿ 15 ಕಿಲೋಮೀಟರ್ ಉದ್ದದ ಫುರ್ಕಾ ಸುರಂಗ ಬಂದ ಮೇಲೆ ಮೇಲಿನ ರೈಲು ನಿಂತ್ಹೋಗಿತ್ತು, ಉತ್ಸಾಹಿಗಳು ಸೇರಿ ಅದನ್ನ ಉಗಿಬಂಡಿಯಾಗಿ ಮತ್ತೆ ಓಡಿಸ್ತಿದ್ದಾರೆ, 2010ರಿಂದ ಪೂರ್ತಿ ದಾರಿ ಓಡತ್ತೆ, ಸಂಬಳ ಇಲ್ಲದೇ ಬಂದು ಕೆಲಸ ಮಾಡೋರು ತುಂಬಾ ಜನ. ನಿಮ್ಮ ಅದೃಷ್ಟಕ್ಕೆ ಹೊಗೆ ಕಂಡ್ರೆ ಬೈಕ್ ಸೈಡಿಗೆ ಹಾಕಿ ನಿಂತು ನೋಡಿ.

ಫುರ್ಕಾ ತುದಿ ದಾಟಿ ಸ್ವಲ್ಪ ಇಳಿದ್ರೆ ಬೆಲ್ವೆಡೇರ್ ತಿರುವು. ಹೇರ್‌ಪಿನ್ನಿನ ಹೊಟ್ಟೆಯೊಳಗೇ ಹಳೇ ಹೋಟೆಲ್ ಕಟ್ಟಿದಾರೆ, ಪಕ್ಕದಲ್ಲೇ ರೋನ್ ಹಿಮನದಿ. ಇಲ್ಲಿ ಅರ್ಧ ಗಂಟೆ ಆದ್ರೂ ನಿಲ್ಲಿ. ಈ ಹಿಮ 19ನೇ ಶತಮಾನದ ಮಧ್ಯದಲ್ಲಿ ಕೆಳಗಿನ ಗ್ಲೆಚ್ ಬಯಲಿನ ತನಕ ಇಳಿದಿತ್ತು, ಈಗ ಮೇಲೆ ಬಂಡೆ ಹಿಂದೆ ಸರಿದು ಮುಂದೆ ಒಂದು ಕೆರೆ ಆಗಿದೆ, ಕರಗೋದನ್ನ ನಿಧಾನ ಮಾಡಕ್ಕೆ ಬೇಸಿಗೇಲಿ ಹಿಮದ ಮೇಲೆ ಬಿಳಿ ಹೊದಿಕೆ ಹೊದಿಸ್ತಾ ಬಂದಿದಾರೆ. ನನ್ನ ಫ್ರೆಂಡ್ ಅವನ ಅಪ್ಪ ಚಿಕ್ಕೋನಿದ್ದಾಗ ಹಿಮ ಎಲ್ಲೀ ತನಕ ಇತ್ತು ಅಂತ ಕೈ ಮಾಡಿ ತೋರಿಸ್ತಾನೆ, ಬರೀ ಬಂಡೆ ಇರೋ ಜಾಗ ಅದು, ನೋಡಿದ್ರೆ ಹೊಟ್ಟೆಗೆ ಸಂಕಟ ಆಗತ್ತೆ. ಸ್ಥಳೀಯರ ಜೊತೆ ಹೋಗಿ ಅಂತ ನಾನು ಅನ್ನೋದು ಇದಕ್ಕೇ. ಈ ಹಿಮ ಕರಗಿ ಹುಟ್ಟೋ ರೋನ್ ನದಿ ಜಿನೀವಾ ಸರೋವರ ಸೇರಿ, ಫ್ರಾನ್ಸ್ ದಾಟಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗತ್ತೆ. ಬೆಳಿಗ್ಗೆ ಆಂಡರ್ಮಾಟಲ್ಲಿ ನೋಡಿದ ರಾಯ್ಸ್ ನದಿ ಆರೆ, ರೈನ್ ನದಿಗಳನ್ನ ಸೇರಿ ಉತ್ತರ ಸಮುದ್ರಕ್ಕೆ. ನೀವು ಒಂದು ಗಂಟೇಲಿ ಆ ಎರಡು ಸಮುದ್ರದ ನಡುವಿನ ಏಣು ದಾಟಿ ಬಂದಿರ್ತೀರ, ಗ್ರಿಮ್ಸೆಲಲ್ಲಿ ಮತ್ತೆ ದಾಟ್ತೀರ.

ಇಲ್ಲಿ ನಿಂತು ಎದುರು ಬೆಟ್ಟ ನೋಡಿದ್ರೆ ಗ್ರಿಮ್ಸೆಲ್‌ನ ಹೇರ್‌ಪಿನ್‌ಗಳು ಒಂದರ ಮೇಲೊಂದು ರಂಗೋಲಿ ಎಳೆ ಹಾಗೆ ಕಾಣತ್ತೆ. ಗ್ಲೆಚ್‌ಗೆ ಇಳಿದು ಬಲಕ್ಕೆ ತಿರುಗಿದ್ರೆ ಆರು ಕಿಲೋಮೀಟರಲ್ಲಿ ಗ್ರಿಮ್ಸೆಲ್ ತುದಿ. ಇಲ್ಲಿಗೆ ವಾಲಿಸ್ ಕ್ಯಾಂಟನ್ ಮುಗಿದು ಬರ್ನ್ ಕ್ಯಾಂಟನ್ ಶುರು. ಇಲ್ಲೊಂದು ಕಾಫಿ ಕುಡಿದು ಮುಂದೆ ಹೋಗಿ, ಇಳಿಯೋ ದಾರಿ ಉದ್ದ, 26 ಕಿಲೋಮೀಟರ್ ಹತ್ರ, ಕರೆಂಟಿಗೆ ಅಂತ ಕಟ್ಟಿದ ಜಲಾಶಯಗಳು ಸಾಲಾಗಿ ಬರತ್ತೆ, ಬಂಡೆ ಅರೆದ ಪುಡಿ ಹಿಮದ ನೀರಲ್ಲಿ ತೇಲ್ತಿರೋದ್ರಿಂದ ನೀರು ಹಾಲು ಬೆರೆಸಿದ ಹಸಿರು. ಹಾಂಡೆಕ್‌ನಲ್ಲಿ 106 ಪರ್ಸೆಂಟ್ ಇಳಿಜಾರಿನ ಗೆಲ್ಮರ್ ಹಳಿಬಂಡಿ ಇದೆ, ಅದಕ್ಕೆ ಇನ್ನೊಂದು ದಿನ ಬನ್ನಿ, ಇವತ್ತು ಹೊಕ್ಕರೆ ಸುಸ್ಟೆನ್‌ಗೆ ಟೈಮಿರಲ್ಲ.

ಊಟದ ಬಗ್ಗೆ. ಇಲ್ಲಿ ಅಡುಗೆಮನೆ ಹೆಚ್ಚಿನ ಕಡೆ ಹನ್ನೊಂದೂವರೆಯಿಂದ ಒಂದೂವರೆ ತನಕ, ಎರಡು ಗಂಟೆಗೆ ಹೋದ್ರೆ ಬಿಸಿ ಊಟ ಸಿಗಲ್ಲ ಅಂತಾನೇ ಲೆಕ್ಕ ಹಾಕಿ. ಮಾಂಸ ತಿನ್ನದೋರಿಗೆ ಎಲ್ಪ್ಲರ್‌ಮಗ್ರೋನೆನ್ ಒಳ್ಳೇದು, ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ, ಮೇಲೆ ಹುರಿದ ಈರುಳ್ಳಿ, ಪಕ್ಕದಲ್ಲಿ ಸೇಬಿನ ಗೊಜ್ಜು, ದನ ಕಾಯೋರು ಬೆಟ್ಟದ ಮೇಲೆ ಮಾಡ್ಕೋತಿದ್ದ ಊಟ. ಕೆಲವರು ಹಂದಿ ಮಾಂಸದ ಚೂರು ಹಾಕ್ತಾರೆ, ಅದಕ್ಕೆ ಆರ್ಡರ್ ಮಾಡೋವಾಗಲೇ ಓನೆ ಶ್ಪೆಕ್ ಅನ್ನಿ. ಇನ್ನೊಂದು ಮಾತು, ಇಲ್ಲಿನ ಸಾಂಪ್ರದಾಯಿಕ ಗಟ್ಟಿ ಚೀಸಿಗೆ ಹಾಲು ಒಡೆಯಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಕಟ್ಟುನಿಟ್ಟಾಗಿ ಪಾಲಿಸೋರು ಚಪಾತಿ ಚಟ್ನಿಪುಡಿ ಬ್ಯಾಗಲ್ಲಿ ಇಟ್ಕೊಂಡೇ ಹೊರಡಿ. ನೀರು ಕಾಸು ಕೊಟ್ಟು ಕೊಳ್ಳಬೇಡಿ, ಹಳ್ಳಿಗಳಲ್ಲಿ ತೊಟ್ಟಿಗೆ ಬೀಳೋ ನಲ್ಲಿ ನೀರು ಕುಡಿಯೋದೇ, ಕೈನ್ ಟ್ರಿಂಕ್‌ವಾಸರ್, ಅಂದ್ರೆ ಕುಡಿಯೋ ನೀರಲ್ಲ, ಅಂತ ಬರೆದಿದ್ರೆ ಮಾತ್ರ ಮುಟ್ಟಬೇಡಿ. ಬಿಲ್ಲು ಅವರವರದು ಅವರವರು ಕೊಡೋದು ರೂಢಿ. ನಿಮಗೆ ಕೊಡಿಸ್ಬೇಕು ಅನ್ಸಿದ್ರೆ ಕೂರೋವಾಗಲೇ ಹೇಳ್ಬಿಡಿ, ಕೊನೇಲಿ ನಮ್ಮ ಹಾಗೆ ಬಿಲ್ಲಿಗೆ ಕಿತ್ತಾಡಿದ್ರೆ ಅವರಿಗೆ ಮುಜುಗರ. ಸಂಜೆ ಮನೆಗೆ ಕರೆದ್ರೆ ಊರಿಂದ ತಂದ ಮೈಸೂರು ಪಾಕ್ ಕೊಡಿ, ತುಂಬಾ ಇಷ್ಟ ಪಡ್ತಾರೆ.

ಜೊತೆಗೆ ಓಡ್ಸೋ ರೀತಿ ಬಗ್ಗೆ ಹೊರಡೋ ಮುಂಚೆ ಕಾಫಿ ಕುಡಿಯೋವಾಗಲೇ ಮಾತಾಡ್ಕೊಳ್ಳಿ. ನಾನು ನಿಧಾನ ಬರ್ತೀನಿ, ನೀನು ನಿನ್ನ ಪಾಡಿಗೆ ಹೋಗು, ಘಾಟಿ ತುದೀಲೋ ರಸ್ತೆ ಒಡೆಯೋ ಕಡೆಯೋ ಕಾಯಿ, ಇಷ್ಟು ಹೇಳಿದ್ರೆ ಸಾಕು, ಅವರಿಗೆ ಬೇಜಾರಾಗಲ್ಲ, ಸಮಾಧಾನವೇ ಆಗತ್ತೆ. ಅವನು ಆ ತಿರುವನ್ನ ನೂರಾರು ಸಲ ನೋಡಿರೋನು, ಅವನ ಗಾಡಿ ಹಿಂದಿನ ಲೈಟ್ ನೋಡ್ಕೊಂಡು ನೀವೂ ಅದೇ ಸ್ಪೀಡಲ್ಲಿ ನುಗ್ಗಿದ್ರೆ ರಸ್ತೆ ನೋಡೋದು ಬಿಟ್ಟಿರ್ತೀರ. ಅವನು ಓವರ್‌ಟೇಕ್ ಮಾಡ್ದ ಅಂತ ನೀವು ಹಿಂದೇನೇ ಹೋಗ್ಬೇಡಿ, ನಿಮಗೆ ಜಾಗ ಕಂಡಾಗ ನೀವು ಹೋಗಿ. ತಿರುವಲ್ಲಿ ನಿಂತು ಕಾಯೋದು ಇಬ್ಬರೂ ಮಾಡ್ಬೇಡಿ. ಪೆಟ್ರೋಲ್ ಬೇಕು ಅಂದ್ರೆ ಟ್ಯಾಂಕ್ ತಟ್ಟಿ ತೋರ್ಸಿ, ರಸ್ತೆ ಮೇಲೆ ಜಲ್ಲಿ ಇದ್ರೆ ಮುಂದಿನೋನು ಕಾಲು ಚಾಚಿ ತೋರಿಸ್ತಾನೆ. ಎದುರಿಂದ ಬರೋ ಬೈಕಿನೋರು ಎಡಗೈ ಕೆಳಗೆ ಚಾಚಿ ನಮಸ್ಕಾರ ಹೇಳ್ತಾರೆ, ನೇರ ರಸ್ತೇಲಿ ನೀವೂ ಹೇಳಿ, ತಿರುವಲ್ಲಿ ಎರಡೂ ಕೈ ಹ್ಯಾಂಡಲ್ ಮೇಲೇ ಇರ್ಲಿ.

ಹಳದಿ ಪೋಸ್ಟ್‌ಬಸ್ ನೆನಪಿಡಿ. ಕುರುಡು ತಿರುವಿಗೆ ಮುಂಚೆ ಮೂರು ಸ್ವರದ ಹಾರ್ನ್ ಹೊಡೆಯತ್ತೆ, ಕೇಳಿದ ಕೂಡ್ಲೇ ಬಲಕ್ಕೆ ಸರಿದು ನಿಧಾನ ಮಾಡಿ, ಬಸ್ಸಿಗೆ ತಿರುವಲ್ಲಿ ಪೂರ್ತಿ ರಸ್ತೆ ಬೇಕಾಗತ್ತೆ. ನೀಲಿ ಬೋರ್ಡಲ್ಲಿ ಹಳದಿ ಕೊಂಬು ಬರೆದಿರೋ ರಸ್ತೇಲಿ ಬಸ್ ಡ್ರೈವರ್ ಕೈ ಮಾಡಿ ಏನು ಹೇಳ್ತಾನೋ ಅದನ್ನ ಕೇಳ್ಲೇಬೇಕು, ಕಾನೂನೇ ಹಾಗಿದೆ. ರಸ್ತೆ ಪಕ್ಕ ಘಂಟೆ ಕಟ್ಟಿರೋ ಕಂದು ಹಸು ಇರತ್ತೆ, ಸಗಣಿ ಮೇಲೆ ಚಕ್ರ ಜಾರತ್ತೆ, ದನ ದಾಟದ ಹಾಗೆ ರಸ್ತೆಗೆ ಹಾಕಿರೋ ಕಬ್ಬಿಣದ ಸರಳು ಬಂದ್ರೆ ಬೈಕ್ ನೆಟ್ಟಗೆ ಇಟ್ಕೊಂಡು ಬ್ರೇಕ್ ಹಾಕದೇ ದಾಟಿ.

ಸ್ಪೀಡ್ ಊರೊಳಗೆ 50, ಹೊರಗೆ 80. ದಂಡ ಸಣ್ಣದಲ್ಲ, ಊರೊಳಗೆ 11ರಿಂದ 15 ಕಿಲೋಮೀಟರ್ ಜಾಸ್ತಿ ಆದ್ರೆ 250 ಫ್ರಾಂಕ್, ಒಂದು ಫ್ರಾಂಕ್ ನೂರು ರೂಪಾಯಿ ದಾಟಿದೆ, ಲೆಕ್ಕ ಹಾಕ್ಕೊಳ್ಳಿ. ಕ್ಯಾಮೆರಾ ಎಲ್ಲಿದೆ ಅಂತ ಎಚ್ಚರಿಸೋ ಆ್ಯಪ್ ಇಲ್ಲಿ ನಿಷೇಧ, ಫೋನಿಂದ ತೆಗೆದುಬಿಡಿ. ಗಾಡಿಗಳು ಸಾಲು ನಿಂತಿದ್ರೆ ಬೆಂಗಳೂರಲ್ಲಿ ಮಾಡ್ದಂಗೆ ಸಂದೀಲಿ ನುಗ್ಗಿ ಮುಂದೆ ಹೋಗೋ ಹಾಗಿಲ್ಲ, ಬೈಕೂ ಸಾಲಲ್ಲೇ ನಿಲ್ಬೇಕು. ಹಗಲೂ ಲೈಟ್ ಹಾಕಿರ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಂಬುಲೆನ್ಸ್ 144, ಬೆಟ್ಟದಿಂದ ಹೆಲಿಕಾಪ್ಟರಲ್ಲಿ ಎತ್ಕೊಂಡು ಹೋಗೋ ರೇಗಾ 1414, ಎರಡೂ ಫೋನಲ್ಲಿ ಸೇವ್ ಮಾಡಿ.

ಇನರ್ಟ್‌ಕಿರ್ಖೆನ್‌ನಿಂದ ಸುಸ್ಟೆನ್. ಮೋಟಾರು ಗಾಡಿಗೆ ಅಂತಾನೇ ಯೋಚಿಸಿ ಕಟ್ಟಿ 1946ರಲ್ಲಿ ತೆರೆದ ರಸ್ತೆ ಇದು, ಅದಕ್ಕೆ ತಿರುವುಗಳು ಅಗಲ, ಏರು ಒಂದೇ ಸಮ, ದಣಿದ ಕೈಗೆ ಹಿತ. ಗಾಡ್ಮೆನ್ ಕಣಿವೆ ದಾಟಿ ಮೇಲೆ ಬಂದ್ರೆ ಸ್ಟೈನ್ ಹಿಮನದಿ, ಕೆಳಗೆ ಕೆರೆ. ನನಗೆ ಇಡೀ ದಿನದಲ್ಲಿ ಇದೇ ಜಾಗ ಇಷ್ಟ, ಬೈಕ್ ನಿಲ್ಸಿ ಹೆಲ್ಮೆಟ್ ತೆಗೆದು ಹುಲ್ಲಲ್ಲಿ ಮಲಗಿ, ಯಾರೂ ಏನೂ ಅನ್ನಲ್ಲ. ತುದೀಲಿ ಒಂದು ಮುನ್ನೂರು ಮೀಟರಿನ ಸುರಂಗ, ಬಿಸಿಲಿಂದ ಒಳಗೆ ಹೊಕ್ಕ ಕೂಡ್ಲೇ ಕಣ್ಣು ಕತ್ತಲೆ ಕಟ್ಟತ್ತೆ, ನೆಲ ಒದ್ದೆ ಇರಬಹುದು, ಸನ್‌ಗ್ಲಾಸ್ ತೆಗೆದು ನಿಧಾನ ಹೋಗಿ. ಆಚೆ ಮೈಯೆನ್ ಕಣಿವೆ ಇಳಿದ್ರೆ ವಾಸೆನ್. ಅಲ್ಲಿ ಗುಡ್ಡದ ಮೇಲಿನ ಬಿಳಿ ಚರ್ಚು ಗೊಟ್ಹಾರ್ಡ್‌ನ ಹಳೇ ಬೆಟ್ಟದ ಹಳಿ ಮೇಲಿನ ರೈಲಲ್ಲಿ ಹೋಗೋರಿಗೆ ಮೂರು ಸಲ ಕಾಣತ್ತೆ, ಎತ್ತರ ಏರಕ್ಕೆ ಹಳಿ ಬೆಟ್ಟದೊಳಗೆ ಸುತ್ತಿ ಸುತ್ತಿ ಬರೋದ್ರಿಂದ.

ಕೊನೆಗೆ ಗೋಶೆನೆನ್‌ನಿಂದ ಶೊಲ್ಲೆನೆನ್ ಕಮರಿ ಹತ್ತಿ ಆಂಡರ್ಮಾಟ್. ಇಲ್ಲಿ ದೆವ್ವದ ಸೇತುವೆ. ದೆವ್ವ ಸೇತುವೆ ಕಟ್ಕೊಟ್ಟು ಮೊದಲು ದಾಟೋ ಜೀವ ನನಗೆ ಅಂತಂತೆ, ಊರಿಯೋರು ಒಂದು ಹೋತ ಬಿಟ್ರಂತೆ. ಇದನ್ನ ಫ್ರೆಂಡ್ ಬಾಯಲ್ಲೇ ಕೇಳಿ, ಅವರ ಅಜ್ಜ ಹೇಳಿದ ಥರನೇ ಹೇಳ್ತಾರೆ. 1799ರಲ್ಲಿ ಜನರಲ್ ಸುವೊರೊವ್‌ನ ರಷ್ಯನ್ ಸೈನ್ಯ ಫ್ರೆಂಚರ ಜೊತೆ ಹೋರಾಡ್ತಾ ದಾಟಿದ್ದು ಇಲ್ಲೇ, ಬಂಡೇಲಿ ಕೊರೆದ ದೊಡ್ಡ ಶಿಲುಬೆಯ ಸ್ಮಾರಕ ಇದೆ.

ಮಳೆ ಬಂದ್ರೆ? ಆಲ್ಪ್ಸ್‌ನ ಉತ್ತರ ಕಡೆ ಮಳೆ ಹಿಡಿದಾಗ ದಕ್ಷಿಣ ಕಡೆ ಎಷ್ಟೋ ಸಲ ಬಿಸಿಲಿರತ್ತೆ, ಬೆಟ್ಟ ಮೋಡ ತಡೆಯತ್ತೆ, ನಮ್ಮ ಘಟ್ಟದ ಮೇಲೆ ಕೆಳಗೆ ಇರೋ ವ್ಯತ್ಯಾಸನೇ. ಅವತ್ತು ಫುರ್ಕಾ ಬಿಟ್ಟು ಹೋಸ್ಪೆಂಟಾಲ್‌ನಲ್ಲಿ ಎಡಕ್ಕೆ ತಿರುಗಿ ಗೊಟ್ಹಾರ್ಡ್ ಘಾಟಿ ಹತ್ತಿ ಆಚೆಯ ಐರೋಲೋ ಊರಿಗೆ ಇಳೀರಿ, ಹೊರಡೋ ಮುಂಚೆ ಆ ಕಡೆ ವೆಬ್‌ಕ್ಯಾಮ್ ನೋಡ್ಕೊಂಡು. ದಕ್ಷಿಣಕ್ಕೆ ಇಳಿಯೋ ಹಳೇ ಟ್ರೆಮೋಲಾ ರಸ್ತೆ 24 ಹೇರ್‌ಪಿನ್ನಿನದು, ಗ್ರಾನೈಟ್ ಕಲ್ಲು ಹಾಸಿದ್ದು, ನೋಡಕ್ಕೆ ಚಂದ, ಒದ್ದೆ ಆದ್ರೆ ಜಾರತ್ತೆ. ಅದಕ್ಕೆ ಇಳಿಯೋವಾಗ ಪಕ್ಕದ ಹೊಸ ರಸ್ತೇಲೇ ಇಳೀರಿ, ಐರೋಲೋದಲ್ಲಿ ಊಟ ಮಾಡಿ, ಅಷ್ಟರಲ್ಲಿ ಕಲ್ಲು ಒಣಗಿದ್ರೆ ವಾಪಸ್ ಬರೋವಾಗ ಟ್ರೆಮೋಲಾ ಹತ್ಕೊಂಡು ಬನ್ನಿ, ಕಲ್ಲುಹಾಸಿನ ಮೇಲೆ ಇಳಿಯೋದಕ್ಕಿಂತ ಹತ್ತೋದು ಸುಲಭ.